ಜೂನ್ ಒಂದಕ್ಕೆ ಹುಟ್ಟಿದ ಊರು

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಡಿಜಿಟಲ್ ವಿಭಾಗದ ಬಾಗಿಲ ಮೇಲೆ ‘ಇತಿಹಾಸ ಸಂಶೋಧಕರಿಗೆ ಮಾತ್ರ’ ಎಂದು ಬರೆಸಿದ್ದೇವೆ. ಅದನ್ನು ಓದಿಯೂ ಒಳಗೆ ಬರುವವರು ಬೇರೆಯೇ ಜನ. ಅವರು ಬಂದ ದಿನ ಏನಾದರೊಂದು ಆಗದೆ ಇರುವುದಿಲ್ಲ. ಆಂಧ್ರದ ಗಡಿಯ ಆದೋನಿ ಕಡೆಯ ಹಳೆಯ ಕನ್ನಡ ಶಾಲೆಗಳ ದಾಖಲಾತಿ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ, ಹೆಸರು ಕೊಟ್ಟರೆ ಪುಟ ಸಿಗುವಂತೆ ಮಾಡುವುದು ನನ್ನ ಕೆಲಸ. ಪುಟ ಸಿಗುತ್ತದೆ. ಯಾವ ಪುಟ ಅನ್ನುವುದು ಬೇರೆ ಮಾತು.

೧. ಸರ್ವರ್

ಒಂದು ದಿನ ಕೋಸಗಿ ಕಡೆಯ ಹಳ್ಳಿಯಿಂದ ಇಬ್ಬರು ಅಜ್ಜಿಯರು ಬಂದರು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಒಂದೇ ಶಾಲೆಯಲ್ಲಿ ಕಲಿತವರು. ಆಮೇಲೆ ಬೇರೊಂದು ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಸೂರಿಗೆ ಬಂದವರು. ಅಣ್ಣನನ್ನು ಮಾಡಿಕೊಂಡವಳು ಅಲ್ಲಿ ದೊಡ್ಡಾಕಿ, ತಮ್ಮನನ್ನು ಮಾಡಿಕೊಂಡವಳು ಸಣ್ಣಾಕಿ. ಈಗ ಸಣ್ಣಾಕಿಯ ತಕರಾರೇನೆಂದರೆ, ವಯಸ್ಸಿನಲ್ಲಿ ತಾನೇ ಹಿರಿಯಳು. ಬರುವ ವಾರ ಮನೆಯಲ್ಲಿ ಮೊಮ್ಮಗಳ ಮದುವೆ. ಮದುಮಗಳಿಗೆ ಮೊದಲ ಅರಿಶಿಣ ಹಚ್ಚುವುದು ಹಿರಿಯಳು.

“ಇಷ್ಟು ವರ್ಸ ಈಕಿಗೆ ಅಕ್ಕಾ ಅಕ್ಕಾ ಅಂದೀನ್ರಿ ಮೇಡಂ. ಒಮ್ಮೆರ ಆಕಿ ನನಗ ಅನ್ಲಿ.”

ದೊಡ್ಡಾಕಿ ಎಲೆ ಅಡಿಕೆ ಮೆಲ್ಲುತ್ತ ಬೆಂಚಿನ ಮೇಲೆ ಕೂತಿದ್ದಳು, ಸಿನೆಮಾ ಶುರುವಾಗಲಿ ಎಂಬಂತೆ.

ಸರ್ವರ್ ಡೌನ್ ಆಗಿದೆ, ಸ್ವಲ್ಪ ಕಾಯಬೇಕು ಎಂದೆ. ನಮ್ಮ ಕಡೆ ಸರ್ವರ್ ಎಂದರೆ ಹೋಟೆಲಿನಲ್ಲಿ ಇಡ್ಲಿ ತಂದಿಡುವವನು. ಪಾಪ, ಜ್ವರ ಬಂದಾವೇನು ಎಂದು ಸಣ್ಣಾಕಿ ವಿಚಾರಿಸಿದಳು. ಜ್ವರ ಅಲ್ಲಮ್ಮ, ಆಗಾಗ ಹೀಗೆ ಬೀಳ್ತದೆ, ಎಬ್ಬಿಸೋಕೆ ಹೋಗಿದ್ದಾರೆ ಎಂದೆ.

ಬೆಂಚಿನಿಂದ ದೊಡ್ಡಾಕಿಯ ಮೊದಲ ಮಾತು ಬಂತು. “ಕುಡಿಯೋ ಮನಿಶ್ಯಾನ್ನ ಯಾಕ ಇಟ್ಕೊಂಡೀರಿ?”

೨. ಹೇಳಬಾರದ ಹೆಸರು

ಸರ್ವರ್ ಎದ್ದ ಮೇಲೆ ಸಣ್ಣಾಕಿಯ ಹೆಸರು ಕೇಳಿದೆ. ಈರಮ್ಮ. ತಂದೆ ಹೆಸರು ಎಂದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಮರೆತಳೇನೋ ಅಂದುಕೊಂಡೆ. ಮರೆತಿರಲಿಲ್ಲ, ಗಂಡನ ಹೆಸರೂ ಅದೇ ಆಗಿತ್ತು. ಗಂಡನ ಹೆಸರನ್ನು ಬಾಯಲ್ಲಿ ತರುವ ಹಾಗಿಲ್ಲವಾದ್ದರಿಂದ, ತಾಳಿ ಕಟ್ಟಿಸಿಕೊಂಡ ದಿನವೇ ಹೆತ್ತಪ್ಪನ ಹೆಸರೂ ಕೈಬಿಟ್ಟುಹೋಗಿತ್ತು. ಕೊನೆಗೆ “ಉರುಕುಂದದಾಗ ಅದಾನಲ್ರಿ” ಎಂದು ಕೈಮುಗಿದು ತೋರಿಸಿದಳು.

ಉರುಕುಂದದ ದೇವರ ಹೆಸರು ಈರಣ್ಣ, ಅದನ್ನೇ ಒತ್ತಿದೆ. ಒತ್ತಬಾರದಿತ್ತು. ನಮ್ಮ ಸೀಮೆಯಲ್ಲಿ ಮನೆಗೊಬ್ಬ ಈರಣ್ಣ. ಸಾಲದ್ದಕ್ಕೆ ರಿಜಿಸ್ಟರು ಕನ್ನಡದ್ದು, ಟೈಪ್ ಮಾಡಿದ ಆಪರೇಟರ್ ತೆಲುಗು ಶಾಲೆಯವರು, ಸಾಫ್ಟ್‌ವೇರ್ ಇಂಗ್ಲಿಷಿನದು. ಹೀಗಾಗಿ ಒಬ್ಬ ಈರಣ್ಣ ಮೂರು ಸ್ಪೆಲ್ಲಿಂಗಿನಲ್ಲಿ ಮೂವರಾಗಿದ್ದ. ಪರದೆ ಉರುಳುತ್ತಲೇ ಇತ್ತು. ಯಾರಿವರೆಲ್ಲ ಎಂದು ಅಜ್ಜಿ ಬಗ್ಗಿ ಕೇಳಿದಳು. ಎಲ್ಲರೂ ಈರಣ್ಣನೋರೇ ಎಂದೆ.

ಆಕೆ ಥಟ್ಟನೆ ತಲೆ ಮೇಲೆ ಸೆರಗು ಎಳೆದುಕೊಂಡಳು. ಅಷ್ಟು ಈರಣ್ಣರಲ್ಲಿ ಒಬ್ಬ ಆಕೆಯ ಯಜಮಾನನೂ ಇರಬೇಕಲ್ಲ.

೩. ಎಲ್ಲರ ಹುಟ್ಟುಹಬ್ಬ

ಊರಿನ ಹೆಸರು ಕೊಟ್ಟು ಸೋಸಿದ ಮೇಲೆ ಪುಟ ಸಿಕ್ಕಿತು. ಇಬ್ಬರ ಹೆಸರೂ ಒಂದರ ಕೆಳಗೊಂದು. ಹುಟ್ಟಿದ ದಿನ ಜೂನ್ ಒಂದು, ಇಬ್ಬರದೂ. ಇಸವಿಯೂ ಒಂದೇ. ಅವರಿಬ್ಬರದೇನು, ಆ ಪುಟದಲ್ಲಿದ್ದ ಎಲ್ಲರದೂ ಜೂನ್ ಒಂದೇ. ಹುಟ್ಟಿದ ದಿನ ಯಾರಿಗೂ ನೆನಪಿರದ ಕಾಲ. ಶಾಲೆ ತೆರೆಯುವ ಹೊತ್ತಿಗೆ ಲೆಕ್ಕ ಕೂಡಲಿ ಎಂದು ಮೇಷ್ಟ್ರೇ ಊರಿನ ಮಕ್ಕಳನ್ನೆಲ್ಲ ಒಂದೇ ದಿನ ಹುಟ್ಟಿಸಿಬಿಡುತ್ತಿದ್ದರು. ಹಿಂದೊಮ್ಮೆ ಒಬ್ಬ ಸಂಶೋಧಕ ಇದೇ ಡೇಟಾಬೇಸ್ ನೋಡಿ, ಬೆರಳು ಮಡಚಿ ತಿಂಗಳು ಎಣಿಸಿ, ಆ ಊರಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಏನಾದರೂ ವಿಶೇಷ ಆಚರಣೆ ಇತ್ತೇ ಮೇಡಂ ಎಂದು ಬಹಳ ಗಂಭೀರವಾಗಿ ಕೇಳಿದ್ದ.

ಸಣ್ಣಾಕಿಯ ಮುಖ ಇಳಿಯಿತು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು ಪಾಪ. ದೊಡ್ಡಾಕಿ ಮಾತ್ರ ನಿಧಾನಕ್ಕೆ ಎದ್ದಳು.

“ಅಪ್ಪ ಬ್ಯಾರೆ, ಅವ್ವ ಬ್ಯಾರೆ. ಆದ್ರೂ ನಾವು ಅವಳಿ ಜವಳಿ ಅಂತ. ನಡೀ, ಬಸ್ಸು ಹೋಗತೈತಿ.”

೪. ಷರಾ

ನನಗೇ ಮನಸ್ಸು ಒಪ್ಪಲಿಲ್ಲ. ಪುಟದ ಚಿತ್ರ ದೊಡ್ಡದು ಮಾಡಿ ನೋಡಿದೆ. ಕೊನೆಯ ಕಾಲಂ ‘ಷರಾ’, ಮೇಷ್ಟ್ರ ಟಿಪ್ಪಣಿಗೆ ಬಿಟ್ಟ ಜಾಗ. ಸಾಮಾನ್ಯವಾಗಿ ಖಾಲಿ ಇರುತ್ತದೆಂದು ಆಪರೇಟರ್ ಅದನ್ನು ಟೈಪ್ ಮಾಡಿಯೇ ಇರಲಿಲ್ಲ. ಸಣ್ಣಾಕಿಯ ಹೆಸರಿನ ಎದುರು ಮೇಷ್ಟ್ರು ದುಂಡಗೆ ಬರೆದಿದ್ದರು: ‘ತಂಗಿಯನ್ನು ಬಿಟ್ಟು ಕೂಡ್ರುವುದಿಲ್ಲವೆಂದು ಅಳುತ್ತಾಳೆ. ವಯಸ್ಸು ಸಾಲದಿದ್ದರೂ ಸದರಿ ತಂಗಿಯನ್ನು ಸೇರಿಸಿಕೊಂಡಿದೆ.’ ಕೆಳಗಿನ ಸಾಲಿನಲ್ಲಿ ಸದರಿ ತಂಗಿ, ಅಂದರೆ ದೊಡ್ಡಾಕಿ.

ಎರಡು ಸಲ ಓದಿಸಿಕೊಂಡಳು ಸಣ್ಣಾಕಿ. ದೊಡ್ಡಾಕಿ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಬಂದು ಎದುರಿಗೆ ನಿಂತು “ಅಕ್ಕಾ” ಅಂದಳು. ಸಣ್ಣಾಕಿಯ ಮುಖ ಅರಳಿತು ನೋಡಿ, ಇಷ್ಟು ವರ್ಷದ ನೌಕರಿಯಲ್ಲಿ ಯಾವ ಸಂಶೋಧಕನ ಮುಖವೂ ಹಾಗೆ ಅರಳಿದ್ದನ್ನು ಕಂಡಿಲ್ಲ.

“ಅರಿಶಿಣ ನೀನ ಹಚ್ಚವಾ, ಅಕ್ಕಾ. ವಯಸ್ಸಿನ ಪ್ರಕಾರ ಅಂದ್ರ ವಯಸ್ಸಿನ ಪ್ರಕಾರ,” ಎಂದಳು ದೊಡ್ಡಾಕಿ. “ಮ್ಯಾಲ ಹೋಗೋ ಪಾಳೀನೂ ಇನ್ನ ನಿಂದ ಮದ್ಲು.”

ಅರಳಿದ ಮುಖ ಅಲ್ಲೇ ನಿಂತಿತು. ಸಣ್ಣಾಕಿ ನನ್ನ ಹತ್ತಿರ ಸರಿದು, ಮದುವೆ ಮುಗಿದ ಮೇಲೆ ಆ ಷರಾ ಅಳಿಸೋಕೆ ಬರುತ್ತದೇನು ಎಂದು ಮೆಲ್ಲಗೆ ಕೇಳಿದಳು. ಅಳಿಸೋಕೆ ಬರೋದಿಲ್ಲ, ತಿದ್ದುಪಡಿಗೆ ಒಂದು ಅರ್ಜಿ ಇದೆ, ಅದರಲ್ಲಿ ಕಾರಣ ಬರೆಯಬೇಕಾಗುತ್ತದೆ ಎಂದೆ.

“ಬರಕೋರಿ,” ಅಂದಳು. “ಮ್ಯಾಲ ಹೋಗಾಕ ನನಗೇನು ಅವಸರ ಇಲ್ಲ ಅಂತ.”