ಚುಕ್ಕಿ ಕೂಡಿಸುವ ಸಾಫ್ಟ್‌ವೇರೂ ನಮ್ಮ ಬೀಗಸ್ತನವೂ

ಪತ್ತೇದಾರಿ ಆಫೀಸು ಎಂದರೆ ಕೋಟು, ಟೋಪಿ, ಪಿಸ್ತೂಲು ಎಂದುಕೊಂಡವರು ನುಂಗಂಬಾಕ್ಕಂನ ನಮ್ಮ ಮಹಡಿ ಹತ್ತಿ ಬಂದರೆ ನಿರಾಶರಾಗುತ್ತಾರೆ. ಮದುವೆಗೆ ಮುಂಚೆ ಗಂಡು ಹೆಣ್ಣಿನ ಪೂರ್ವಾಪರ ವಿಚಾರಿಸುವುದು, ಇನ್ಶೂರೆನ್ಸ್ ಕ್ಲೇಮು ನಿಜವೋ ಸುಳ್ಳೋ ನೋಡುವುದು, ಇಷ್ಟೇ ನಮ್ಮ ವ್ಯಾಪಾರ. ನಗುವಂಥ ಸಂಗತಿ ಮೊದಲೆಲ್ಲ ಅಪರೂಪಕ್ಕೆ ನಡೆಯುತ್ತಿತ್ತು. ಬಾಸ್ ಆ ಸಾಫ್ಟ್‌ವೇರ್ ತಂದ ಮೇಲೆ ಅದೇ ದಿನಚರಿಯಾಯಿತು.

ತನಿಖೆಗೆ ಹೋದ ಪ್ರತಿಯೊಬ್ಬನೂ ಕಂಡದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಚಿತ್ರವಾಗಿ ಹಾಕಬೇಕು. ಮನುಷ್ಯ ಎಂದರೆ ಒಂದು ಚುಕ್ಕಿ, ಸಂಬಂಧ ಎಂದರೆ ಒಂದು ಗೆರೆ. ಎಲ್ಲರ ಚಿತ್ರಗಳನ್ನೂ ಸಾಫ್ಟ್‌ವೇರು ಕೂಡಿಸಿ ಒಂದೇ ಚಿತ್ರ ಮಾಡುತ್ತದೆ. ಫೋನ್ ನಂಬರೋ ವಿಳಾಸವೋ ಒಂದೇ ಇದ್ದರೆ ಆಸಾಮಿಯೂ ಒಬ್ಬನೇ ಎಂಬುದು ಅದರ ಸಿದ್ಧಾಂತ. ಮನುಷ್ಯ ಸುಳ್ಳು ಹೇಳಬಹುದು, ಮೆಷಿನ್ ಹೇಳುವುದಿಲ್ಲ ಎಂಬುದು ಬಾಸ್ ಸಿದ್ಧಾಂತ. ಇವೆರಡರ ನಡುವೆ ಸಿಕ್ಕಿಕೊಂಡವರು ನಾವು.

ಸಕಲಕಲಾವಲ್ಲಭ

ಕೀಲ್ಪಾಕಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಒಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಕ್ಲೇಮು ನಮ್ಮಲ್ಲಿಗೆ ಬಂತು. ಅಂಥ ಹೋಟೆಲುಗಳಲ್ಲಿ ಕೆಲಸದವರೆಲ್ಲ ಮಹಡಿ ಮೇಲೇ ಮಲಗುವವರು. ಯಾರು ಕೇಳಿದರೂ ಗಲ್ಲಾಪೆಟ್ಟಿಗೆಯ ಫೋನ್ ನಂಬರನ್ನೇ ಕೊಡುವುದು ವಾಡಿಕೆ. ಸಾಫ್ಟ್‌ವೇರು ಅಷ್ಟೂ ಜನರನ್ನು ಹಿಡಿದು ಒಂದೇ ಚುಕ್ಕಿ ಮಾಡಿತು.

"ಕಾಲು ಮುರಿದವನು ದೋಸೆ ಹೊಯ್ತಾನೆ, ಇಡ್ಲಿ ಬೇಯಿಸ್ತಾನೆ, ಟೇಬಲ್ ಒರೆಸ್ತಾನೆ, ಗಲ್ಲಾದಲ್ಲೂ ಕೂರ್ತಾನೆ. ಶುದ್ಧ ಮೋಸ!" ಎಂದು ಬಾಸ್ ಕುಣಿದಾಡಿದರು.

ನನ್ನನ್ನು ಹೋಟೆಲಿಗೆ ಓಡಿಸಿದರು. ಕುಂದಾಪುರದ ಕಡೆಯ ಮಾಲೀಕರು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಇಷ್ಟೆಲ್ಲ ಒಬ್ಬನೇ ಮಾಡುವವ ಇದ್ರೆ ನಮಗೇ ಕಳ್ಸಿ ಮಾರ್ರೆ. ಕಾಲು ಮುರ್ದಿದ್ರೂ ಅಡ್ಡಿಲ್ಲ" ಎಂದರು.

ನಾಲ್ಕು ಮನೆಯಾಚೆಯ ಸಂಸಾರ

ಈ ಊರಿನಲ್ಲಿ ಮನೆಗೆ ಎರಡೆರಡು ನಂಬರು, ಹಳೆಯದೊಂದು, ಹೊಸದೊಂದು. ಒಂದು ಮನೆಯ ಹಳೇ ನಂಬರೇ ನಾಲ್ಕು ಮನೆಯಾಚೆ ಇನ್ನೊಬ್ಬರ ಹೊಸ ನಂಬರಾಗಿರುತ್ತದೆ. ಪೋಸ್ಟ್‌ಮ್ಯಾನಿಗೆ ಇದು ಗೊತ್ತು, ಸಾಫ್ಟ್‌ವೇರಿಗೆ ಗೊತ್ತಿಲ್ಲ. ಹಾಗಾಗಿ ನಾವು ವಿಚಾರಿಸುತ್ತಿದ್ದ ಒಬ್ಬ ಬ್ರಹ್ಮಚಾರಿ ವರನಿಗೆ ಅದು ಯಾರದೋ ಹೆಂಡತಿಯನ್ನೂ ಎರಡು ಮಕ್ಕಳನ್ನೂ ದಯಪಾಲಿಸಿತು.

ನಿಜ ತಿಳಿಯಲು ಹೋದಾಗ ಬಾಗಿಲು ತೆಗೆದವರು ವರನ ತಾತ. ವಿಷಯ ಕೇಳಿ ಅವರು ಸಿಟ್ಟಾಗಲಿಲ್ಲ. "ನಂಬರ್ ಬದಲಾದ ಮೇಲೆ ಆ ಮನೆ ಕಾಗದ ಎಲ್ಲ ನಮಗೇ ಬರೋದು ಸಾರ್. ಹೆಂಡ್ತಿ ಮಕ್ಕಳು ಬಂದದ್ದು ಇದೇ ಮೊದಲು" ಎಂದರು.

ಹೆಲ್ಮೆಟ್ಟಿನವನು

ಇನ್ನೊಬ್ಬರ ಮನೆಯ ಸುದ್ದಿಗೆ ನಕ್ಕವನಿಗೆ ತನ್ನ ಮನೆಯದೂ ಬರುತ್ತದೆ. ನನ್ನ ಮಗಳಿಗೆ ತಿರುವೊಟ್ಟಿಯೂರಿನ ಒಂದು ಕನ್ನಡದ ಮನೆಯಿಂದ ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದಾನೆ. ಮಗಳಿಗೂ ಅವನು ಮನಸ್ಸಿಗೆ ಬಂದಿದ್ದ. ಫೋನು ಹಿಡಿದು ತಾರಸಿಗೆ ಹೋದವಳು ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ಆದರೂ ಅಪ್ಪನ ಕರುಳು, ಅದಕ್ಕಿಂತ ಹೆಚ್ಚಾಗಿ ಪತ್ತೇದಾರನ ಚಟ. ರಜೆ ಹಾಕಿ ಹುಡುಗನ ಮನೆ ಎದುರಿನ ಟೀ ಅಂಗಡಿಯಲ್ಲಿ ಠಿಕಾಣಿ ಹೂಡಿದೆ. ಅಭ್ಯಾಸಬಲದಿಂದ ಕಂಡದ್ದನ್ನೆಲ್ಲ ಆಫೀಸಿನ ಕಂಪ್ಯೂಟರಿಗೂ ಚಿತ್ರವಾಗಿ ಹಾಕಿದೆ. ಹುಡುಗ ಚಿನ್ನ. ನನಗೆ ಇರುಸುಮುರುಸಾದದ್ದು ಒಂದೇ: ಬೆಳಿಗ್ಗೆ ಹೊರಡುವಾಗಲೆಲ್ಲ ನಮ್ಮ ಮನೆ ಮುಂದೆ ಹೆಲ್ಮೆಟ್ ಹಾಕಿದವನೊಬ್ಬ ಬೈಕ್ ನಿಲ್ಲಿಸಿಕೊಂಡು ಇರುತ್ತಿದ್ದ. ಮಗಳ ಹಿಂದೆ ಬಿದ್ದವನಿರಬೇಕೆಂದು ಹೆದರಿ, ಅವನ ಬೈಕಿನ ನಂಬರನ್ನೂ ನನ್ನ ಚಿತ್ರದಲ್ಲಿ ಹಾಕಿದೆ.

ರಜೆ ಮುಗಿಸಿ ಆಫೀಸಿಗೆ ಹೋದರೆ ಬಾಸ್ ನನ್ನ ಚಿತ್ರವನ್ನು ಇನ್ನೊಂದರ ಜೊತೆ ಕೂಡಿಸುತ್ತಿದ್ದರು. ಎರಡರಲ್ಲೂ ತಿರುವೊಟ್ಟಿಯೂರಿನ ಅದೇ ಮನೆ. ಹುಡುಗನ ಕಡೆಯವರೂ ನಮ್ಮ ಆಫೀಸಿಗೇ ಕೇಸು ಕೊಟ್ಟಿದ್ದರು! ಒಬ್ಬರ ಕೇಸು ಇನ್ನೊಬ್ಬರಿಗೆ ಹೇಳಬಾರದೆಂಬ ಕಟ್ಟಳೆ ಇದ್ದುದರಿಂದ ನನಗೆ ಸುಳಿವಿಲ್ಲ. ಹೆಲ್ಮೆಟ್ಟಿನವನ ಬೈಕು ನಮ್ಮ ಆಫೀಸಿನದು. ಅದರ ಮೇಲಿದ್ದವನು ನಾನು ರಜೆಯಲ್ಲಿದ್ದಾಗ ಹೊಸದಾಗಿ ಸೇರಿದ ತನಿಖೆಗಾರ. ಆಫೀಸಿನಲ್ಲಿ ಅವನ ಮುಖ ನಾನು ನೋಡಿರಲಿಲ್ಲ, ನನ್ನದು ಅವನೂ ನೋಡಿರಲಿಲ್ಲ. ನಾನು ಅವನ ಮೇಲೆ, ಅವನು ಟೀ ಅಂಗಡಿವರೆಗೂ ಹಿಂಬಾಲಿಸಿ ನನ್ನ ಮೇಲೆ ಕಣ್ಣಿಟ್ಟಿದ್ದೆವು. ಆ ಸಾಫ್ಟ್‌ವೇರು ಜನ್ಮದಲ್ಲಿ ಒಮ್ಮೆ ಸರಿಯಾಗಿ ಕೂಡಿಸಿತ್ತು.

ಬಾಸ್ ಅವನ ರಿಪೋರ್ಟನ್ನು ಗಟ್ಟಿಯಾಗಿ ಓದಿದರು. "ಹುಡುಗಿಯ ತಂದೆ. ಕೆಲಸ ಇಲ್ಲ. ಇಡೀ ದಿನ ಟೀ ಅಂಗಡಿಯಲ್ಲಿ ನಿಂತು ಹುಡುಗನ ಮನೆಯವರನ್ನು ದುರುಗುಟ್ಟಿ ನೋಡುತ್ತಾನೆ. ನಂಬುವಂಥವನಲ್ಲ."

"ಇದನ್ನ ಕಳಿಸಿಬಿಟ್ರಾ ಸಾರ್?"

"ಬೆಳಿಗ್ಗೇನೇ. ಕೂಡಿಸಿ ನೋಡಿದ್ದು ಈಗ ತಾನೇ."

ನನಗೆ ಕೆಲಸವಿಲ್ಲ ಎಂದು ಹೇಳಿದವರು ಯಾರೆಂದು ಗೆರೆ ಹಿಡಿದು ನೋಡಿದರೆ ಅದು ನೇರವಾಗಿ ಇನ್ನೊಂದು ಚುಕ್ಕಿಗೆ ಹೋಗಿ ನಿಂತಿತ್ತು: ಹೆಂಡತಿ.

ಮನೆಗೆ ಬಂದು ರೇಗಿದೆ. "ಪಾಪ, ಬಿಸಿಲಲ್ಲಿ ನಿಂತಿದ್ದ, ಕರ್ದು ಕಾಫಿ ಕೊಟ್ಟೆ" ಎಂದಳು ಇವಳು. "ಯಜಮಾನ್ರಿಗೆ ಎಂತ ಕೆಲ್ಸ ಅಂತ ಕೇಳ್ದ. ಕೆಲ್ಸ ಅಂತ ಎಂತದೂ ಇಲ್ಲ, ಕಂಡವ್ರ ಮನೆ ಎದ್ರು ನಿಲ್ಲುದು ಅಂದೆ. ಸುಳ್ಳಾ?"

"ಅಮ್ಮಾ ಸೊಲ್ರದು ಕರೆಕ್ಟ್ ದಾನೇಪ್ಪಾ" ಎಂದು ಮಗಳು ತಮಿಳಿನಲ್ಲೇ ಅಮ್ಮನ ಪಕ್ಷ ಸೇರಿದಳು. ರಿಪೋರ್ಟು ಎಲ್ಲಿಗೆ ಹೋಗಿದೆ ಎಂದು ಹೇಳಿದೆ. ಅವಳ ಮುಖ ಬಾಡಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಸಂಕಟವಾಯಿತು. ಒಳ್ಳೆಯ ಸಂಬಂಧವನ್ನು ನನ್ನ ಕೈಯಾರೆ ಕೆಡಿಸಿದ್ದೆ.

ಸಂಜೆ ಹುಡುಗನ ತಾಯಿಯ ಫೋನು. ಇವಳು ಸ್ಪೀಕರ್ ಹಾಕಿದಳು.

"ರಿಪೋರ್ಟ್ ಓದಿದ್ವಿ ಕಣ್ರೀ. ಹೇಳಿದ್ದು ನೀವೇ ಅಂತ ಅದರ ಚಿತ್ರದಲ್ಲೂ ಇದೆ. ಗಂಡನ ವಿಷಯಾನೇ ಮುಚ್ಚಿಡದೋರು ಮಗಳ ವಿಷಯ ಏನು ಮುಚ್ಚಿಡ್ತೀರಿ? ನಮಗೆ ಒಪ್ಪಿಗೆ." ಒಳಗಿನ ಬಾಗಿಲು ಫಟ್ಟೆಂದು ತೆರೆಯಿತು. ಆಕೆ ಇನ್ನೂ ಮುಗಿಸಿರಲಿಲ್ಲ. "ಒಂದೇ ಮಾತು. ಇನ್ಮೇಲಾದ್ರೂ ನಿಮ್ಮ ಯಜಮಾನರಿಗೆ ಒಳಗೆ ಬಂದು ಕೂತ್ಕೊಂಡು ನೋಡೋಕೆ ಹೇಳಿ. ಅವರು ಹೊರಗೆ ನಿಂತು ನಿಂತು ಈಗ ಟೀ ಅಂಗಡಿಯವನೂ ನಮ್ಮನ್ನ ಅನುಮಾನದಿಂದ ನೋಡ್ತಿದಾನೆ."