ಚಿಕ್ಕಮ್ಮನ ಹೊಳೆಯುವ ಕಾಗದ

ನಮ್ಮ ಚಿಕ್ಕಮ್ಮನಷ್ಟು ತೆಂಗಿನ ನಾರು ಬೇಯಿಸಿದ ಹೆಂಗಸು ತಿಪಟೂರು ಸೀಮೆಯಲ್ಲೇ ಇಲ್ಲ! ನಾರನ್ನು ಯಾರಾದರೂ ಬೇಯಿಸುತ್ತಾರೆಯೇ ಎಂದಿರಾ? ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು ಬೇಯಿಸುತ್ತಾರೆ. ಹಿತ್ತಲ ಒಲೆಯ ಮೇಲೆ ನಾರನ್ನು ಕ್ಷಾರದಲ್ಲಿ ಕುದಿಸಿ, ಬಣ್ಣ ತೆಗೆದು, ತೊಳೆದು ತೊಳೆದು, ಕೊನೆಗೆ ಬೆಳ್ಳಗಿನ ಮುದ್ದೆ ಉಳಿಸುತ್ತಾರೆ.

ಒಮ್ಮೆ ಪಕ್ಕದ ಮನೆಯಾಕೆ ಇಣುಕಿದರು. "ಸಂಡಿಗೆ ಹಿಟ್ಟಾ ಅಕ್ಕಾ?"

"ಅಲ್ಲ ಕಣೇ, ಸೆಲ್ಯುಲೋಸು."

"ಉಪ್ಪು ಖಾರ ಸರಿಯಾಗೈತಾ?"

ಆ ಮುದ್ದೆಗೆ ಹೊಳೆಯುವ ಮದ್ದೊಂದನ್ನು ಬೆರೆಸಿ ತೆಳ್ಳಗೆ ಹಾಳೆ ಮಾಡುತ್ತಾರೆ. ಖೋಟಾ ನೋಟು ಪತ್ತೆ ಮಾಡುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಬಿಟ್ಟರೆ ಹಾಳೆ ನೀಲಿಯಾಗಿ ಹೊಳೆಯುತ್ತದೆ. ಮಾಂಸದ ಡಬ್ಬಿಯೊಳಗೆ ಅದರ ತುಂಡೊಂದನ್ನು ಅಂಟಿಸಿಟ್ಟರೆ, ಮಾಂಸ ಕೆಡುವಾಗ ಹೊರಡುವ ಆವಿ ತಾಗಿ ಹೊಳಪು ಮಂಕಾಗುತ್ತದೆ. ಎಂಥ ಬುದ್ಧಿ ನೋಡಿ!

ಶೆಟ್ಟಿಕೆರೆಯ ಬೀಗರೂಟಕ್ಕೂ ಆ ಟಾರ್ಚ್ ಬಂತು. ಬೇಯಿಸಲೆಂದು ತಂದಿಟ್ಟಿದ್ದ ಹಸಿ ಮಾಂಸದ ಪಾತ್ರೆಯೊಳಗೆ ಕಾಗದ ಅಂಟಿಸಿದ ಚಿಕ್ಕಮ್ಮ, ಉಗ್ರಾಣದ ಬಾಗಿಲು ಮುಚ್ಚಿ ಟಾರ್ಚ್ ಬಿಟ್ಟರು. ಅಷ್ಟರಲ್ಲಿ ಮದುಮಗ ಒಳಗೆ ಬಂದ. ಅಂಥದೇ ಹೊಳೆಯುವ ಮದ್ದಿರುವ ಸೋಪಿನ ಪುಡಿಯಲ್ಲಿ ಒಗೆದ ಅವನ ಬಿಳಿ ಅಂಗಿ ಕಾಗದಕ್ಕಿಂತ ಜೋರಾಗಿ ಹೊಳೆಯಿತು!

"ಬುಡಕ್ಕಾ, ಗಂಡು ತಾಜಾ ಅವ್ನೆ!" ಎಂದ ಅಡುಗೆಯವನು.

ಇಷ್ಟೆಲ್ಲ ಪಾಡು ಯಾಕೆ ಎಂದು ನಾವ್ಯಾರೂ ಕೇಳಿರಲಿಲ್ಲ. ಹೋದ ಭಾನುವಾರ ನಾನು ಕೇಳಿದೆ, ಚಿಕ್ಕಮ್ಮ ಹೇಳಿದರು.

ಚಿಕ್ಕಪ್ಪ ಕೊಬ್ಬರಿ ವ್ಯಾಪಾರಿ. ಮೂಸಿ ನೋಡಿಯೇ ಕೊಬ್ಬರಿಯ ಗುಣ ಹೇಳುತ್ತಿದ್ದವರು. ಭಾನುವಾರದ ಬಾಡಿನ ಸಾರು ಯಾವಾಗಲೂ ಅವರದೇ ಕೈಯದು. ಒಂದು ಜ್ವರ ಬಂದು ಹೋದ ಮೇಲೆ ಅವರಿಗೆ ಯಾವ ವಾಸನೆಯೂ ತಿಳಿಯದಾಯಿತಂತೆ. ಚಿಕ್ಕಮ್ಮ ಊರಲ್ಲಿಲ್ಲದ ದಿನ, ಕೆಟ್ಟ ಮಾಂಸವೆಂದು ಗೊತ್ತಾಗದೆ ಬೇಯಿಸಿ ತಿಂದು ಆಸ್ಪತ್ರೆ ಸೇರಿದ್ದರಂತೆ. ಆಮೇಲೆ ಹೆದರಿ ಒಲೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದರಂತೆ.

ಅಷ್ಟರಲ್ಲಿ ಕತ್ತಲೆಯ ಒಳಕೋಣೆಯಲ್ಲಿ ಮಾಂಸದ ಡಬ್ಬಿಗೆ ಟಾರ್ಚ್ ಬಿಟ್ಟಿದ್ದ ಚಿಕ್ಕಪ್ಪನ ದನಿ ಬಂತು. "ನೀಲಿ ಐತೆ ಕಣೇ! ಎಲ್ಲಿ, ಸೌಟು ತಾ!"

ಸಾರು ಕುದಿಯತೊಡಗಿದಾಗ ಅವರು ಮೆಲ್ಲಗೆ ಕೇಳಿದರು. "ಘಮ ಬತ್ತೈತೇನೇ?"

ಚಿಕ್ಕಮ್ಮ ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿಕೊಂಡರು.

"ಬತ್ತೈತೆ ಕಣ್ರೀ. ಮೊದ್ಲು ಚಕ್ಕೆ... ಈಗ ಕೊತ್ಮೀರಿ... ಇರಿ, ಇರಿ, ಕೊಬ್ಬರೀನೂ ಬಂತು..."

ಚಿಕ್ಕಪ್ಪ ಸೌಟು ಹಿಡಿದು, ಒಂದೊಂದನ್ನೂ ಕೇಳಿಸಿಕೊಳ್ಳುತ್ತಾ ನಿಂತಿದ್ದರು.