ನನ್ನ ಭುಜಕ್ಕೆ ಮೈಗಳ್ಳತನದ ಬಿರುದು ಕೊಟ್ಟ ಯಂತ್ರಕ್ಕೆ

ಮಾನ್ಯ ಸ್ನಾಯುಮಾಪಕ ಯಂತ್ರದವರೇ,

ಆಸ್ಪತ್ರೆಯ ಮೂರನೇ ಮಹಡಿಯ ವ್ಯಾಯಾಮದ ಕೋಣೆಯಲ್ಲಿ ಸುಖಾಸೀನರಾಗಿರುವ ತಮ್ಮ ಪಾದಾರವಿಂದಗಳಿಗೆ, ಅವು ಇದ್ದಲ್ಲಿ, ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿರುವ ಹೆಂಗಸಿನ ಸವಿನಯ ನಮಸ್ಕಾರಗಳು.

ನನ್ನ ಬಲಭುಜ ಸೋತು ಎರಡು ತಿಂಗಳಾದ ಮೇಲೆ, ಹಗುರ ಕೆಲಸ ಕೊಡಬೇಕೋ ಬೇಡವೋ ಎಂಬುದನ್ನು ತಾವೇ ತೀರ್ಮಾನಿಸುವಿರೆಂದು ಮೇಲ್ವಿಚಾರಕರು ಹೇಳಿದಾಗ ನಾನು ಧನ್ಯಳಾದೆ. ವ್ಯಾಯಾಮ ಮಾಡಿಸುವವರು ಭುಜಕ್ಕೆ ಅಂಟುಬಿಲ್ಲೆ ಹಚ್ಚಿ, ವೈರು ಸಿಕ್ಕಿಸಿ, ಸ್ನಾಯು ದುಡಿದಾಗ ಹುಟ್ಟುವ ಚೂರು ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಕುಣಿಯುತ್ತದೆಂದು ವಿವರಿಸಿ, ಒಂದು ಕೆಜಿಯ ಡಂಬಲ್ ಎತ್ತಿಸಿದರು. ಹಲ್ಲು ಕಚ್ಚಿ ಎತ್ತಿದೆ. ಕಣ್ಣಲ್ಲಿ ನೀರು ಬಂತು. ತಮ್ಮ ಗೆರೆ ಮಾತ್ರ ಊಟ ಮುಗಿಸಿದ ಗುಮಾಸ್ತನಂತೆ ಮಲಗಿಯೇ ಇತ್ತು.

"ನೀವು ಪ್ರಯತ್ನಾನೇ ಮಾಡ್ತಿಲ್ಲಮ್ಮ. ನಮಗೆ ಸುಳ್ಳು ಹೇಳ್ಬಹುದು, ಯಂತ್ರಕ್ಕೆ ಹೇಳೋಕಾಗಲ್ಲ," ಎಂದರು ಅವರು.

'ಪ್ರಯತ್ನದ ಕೊರತೆ' ಎಂಬ ತಮ್ಮ ಅಮೃತವಾಕ್ಯ ಮೇಲ್ವಿಚಾರಕರ ಕೈಸೇರಿತು. ಸೋಮವಾರ ನಾನು ಮತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತೆ. ಬುಧವಾರ ಬಲಗೈ ಸೋತು, ಇಸ್ತ್ರಿಪೆಟ್ಟಿಗೆ ಜಾರಿ, ಎಡಗೈ ಸುಟ್ಟು ಬೊಬ್ಬೆ ಎದ್ದಿತು. ಅದೊಂದು ಪ್ರಯತ್ನವಿಲ್ಲದೆಯೇ ಆದದ್ದು, ಒಪ್ಪುತ್ತೇನೆ.

ಮರುದಿನ ನನ್ನೊಡನೆ ವ್ಯಾಯಾಮದ ಕೋಣೆಗೆ ಬಂದ ನಾದಿನಿಗೆ ತಮ್ಮ ಮಹಿಮೆ ತಿಳಿಯದು. "ಸಾರ್, ನೀವೇ ಒಂದ್ಸಲ ಅಂಟಿಸ್ಕೊಂಡು ಎತ್ತಿ ನೋಡಿ," ಎಂದುಬಿಟ್ಟಳು. ಅಂಗಿಯ ತೋಳು ಬಿರಿಯುವಂತೆ ಮೈ ಬೆಳೆಸಿರುವ ಆ ವ್ಯಾಯಾಮದವರು ನಗುತ್ತಲೇ ಹತ್ತು ಕೆಜಿ ಎತ್ತಿದರು. ಗೆರೆ ಏಳಲಿಲ್ಲ. ಇಪ್ಪತ್ತು ಎತ್ತಿದರು, ಬೆವರಿದರು, ಯಂತ್ರರಾದ ತಮ್ಮ ಬೆನ್ನಿಗೇ ಎರಡೇಟು ಹಾಕಿದರು. ತಾವು ಎಳ್ಳಷ್ಟೂ ಪಕ್ಷಪಾತವಿಲ್ಲದೆ ಅವರಿಗೂ ಅದೇ ಬಿರುದನ್ನು ದಯಪಾಲಿಸಿದಿರಿ. ವೈರು ಒಳಗೇ ತುಂಡಾಗಿತ್ತು.

"ಎಷ್ಟು ದಿನದಿಂದ ಹೀಗಿದೆ ಸಾರ್?" ಎಂದು ನಾದಿನಿ ಕೇಳಿದಳು. ಅವರು ಡಂಬಲ್‌ಗಳನ್ನು ಸಾಲಾಗಿ ಜೋಡಿಸತೊಡಗಿದರು.

ಆಮೇಲೆ ಮೂಳೆ ಡಾಕ್ಟರಮ್ಮ ಬರಿಗೈಯಿಂದ ನನ್ನ ಭುಜ ಒತ್ತಿ ನೋಡಿ, ಎರಡೇ ನಿಮಿಷದಲ್ಲಿ ಬಟ್ಟೆ ಮಡಿಸುವ ಕೆಲಸಕ್ಕೆ ಬರೆದುಕೊಟ್ಟರು. ಆದರೆ ಒಮ್ಮೆ ಬಂದ ವರದಿಯನ್ನು ಹಿಂಪಡೆಯುವ ನಿಯಮವಿಲ್ಲವಂತೆ. ಕಡತದಲ್ಲಿ ನಾನು ಇಂದಿಗೂ ಮೈಗಳ್ಳಿ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದೇ ಒಂದು ದಿನ ಕೆಳಗಿಳಿದು ಬಂದು, ನಾನೂರು ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕಿಕೊಡಬೇಕೆಂದು ಕೋರುತ್ತೇನೆ. ಅಳೆಯಲು ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿರುತ್ತೇನೆ.

ತಮ್ಮಲ್ಲಿ ವಿಶ್ವಾಸವೊಂದನ್ನು ಬಿಟ್ಟು ಉಳಿದೆಲ್ಲ ಇರುವ ತಮ್ಮ ವಿಶ್ವಾಸಿ,
ಇಸ್ತ್ರಿಯವಳು

ತಾ.ಕ.: ಇದೇ ತಿಂಗಳು ತಮ್ಮಿಂದ ಸೋಮಾರಿಗಳೆನಿಸಿಕೊಂಡ ಇನ್ನೂ ಹನ್ನೊಂದು ಮಂದಿ, ಆಯಾಗಳು, ಅಡುಗೆಯವರು, ಸ್ಟ್ರೆಚರ್ ತಳ್ಳುವವರು, ಕೆಳಗೆ ಸಹಿ ಹಾಕಿದ್ದಾರೆ. ಸಹಿಗಳು ಸೊಟ್ಟಗಿವೆ, ನೋಯುವ ಕೈಯಿಂದಲೇ ಹಾಕಿದ್ದಾರೆ.